ನಾಲ್ಕು ಗಂಟು ಬೇಳೆ

"ಅಲ್ಲಿ ಸೊಳ್ಳೆ ಅನ್ನೋದೇ ಇಲ್ಲ ಅಪ್ಪ," ಎಂದಳು ನನ್ನ ಕಿರಿಯ ಮಗಳು, ಮೊಣಕೈಯನ್ನು ಪರಪರ ಕೆರೆದುಕೊಳ್ಳುತ್ತ.

ಅವಳು ಡಾಕ್ಟರಿಕೆ ಮುಗಿಸಿ ಎರಡು ತಿಂಗಳಾಯಿತು. ಮೈಸೂರಿನಲ್ಲಿ ಪರಿಚಯದವರೊಬ್ಬರ ನರ್ಸಿಂಗ್ ಹೋಮು ಇದೆ; ಕುರ್ಚಿ, ಫ್ಯಾನು, ಕಲಿಸಿಕೊಡಲು ಹಿರಿಯ ಡಾಕ್ಟರು, ಎಲ್ಲ ಕಾದು ಕೂತಿವೆ. ಇವಳಿಗೆ ಅದು ಬೇಡ. ಹನೂರಿನಿಂದ ಆಚೆ, ಕಾಡಿನ ಅಂಚಿನ ಒಂದು ಊರಿನ ಸಣ್ಣ ಆಸ್ಪತ್ರೆ ಬೇಕಂತೆ. ಹೋಗಿ ನೋಡಿಕೊಂಡಾದರೂ ಬರಲಿ, ಆ ಬಸ್ಸಿನಲ್ಲಿ ಒಂದು ಸಲ ಕೂತೆದ್ದರೆ ಬುದ್ಧಿ ತಾನೇ ಬರುತ್ತದೆ ಎಂದು ಕಳಿಸಿದವನು ನಾನೇ. ಬಂದವಳು ಬುದ್ಧಿಯ ಬದಲು ವರದಿ ತಂದಿದ್ದಾಳೆ: ನೀರು ಸಿಹಿ, ಮನೆ ವಿಶಾಲ, ಸೊಳ್ಳೆ ಸೊನ್ನೆ. ನಲವತ್ತು ವರ್ಷ ಕರಿಕೋಟು ತೊಟ್ಟು ಸಾಕ್ಷಿಗಳ ಮುಖ ನೋಡಿದವನು ನಾನು. ಪಾಟೀಸವಾಲಿನ ಮೊದಲ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಕುಕ್ಕರು ಕೂಗಿ, ಬೇಳೆ ಬೆಂದ ವಾಸನೆ ನಡುಮನೆಗೆ ಬಂತು. ನನ್ನ ಪ್ರಶ್ನೆ ಅಲ್ಲೇ ನಿಂತಿತು.

ಈ ಕುಕ್ಕರು ಬಂದ ಮೇಲೆ ನೀರಿಗೆ ಮರ್ಯಾದೆಯೇ ಹೋಯಿತು ನೋಡಿ. ಎಂಥ ಕೆಟ್ಟ ನೀರಾದರೂ ಮೂರು ಕೂಗಿಗೆ ಬೇಳೆ ಮೆತ್ತಗಾಗುತ್ತದೆ. ನಮ್ಮ ಅವ್ವನ ಕಾಲದಲ್ಲಿ ಹಾಗಿರಲಿಲ್ಲ. ಸಿಹಿನೀರಾದರೆ ತೊಗರಿಬೇಳೆ ಬೇಗ ಕರಗುತ್ತಿತ್ತು. ಸವುಳು ನೀರಾದರೆ ಹೊರೆ ಸೌದೆ ಉರಿಸಿದರೂ ತಳದಲ್ಲಿ ಕಲ್ಲಿನ ಹಾಗೆ ಕೂತಿರುತ್ತಿತ್ತು. ಅದಕ್ಕೇ ಹೆಣ್ಣು ಕೊಡುವ ಊರಿಗೆ ಹೋದ ಹೆಂಗಸರು ಹೊಲ ಮನೆ ನೋಡುವ ಮೊದಲು ಬಾವಿಯ ಹತ್ತಿರ ಹೋಗಿ ಒಂದು ಬೊಗಸೆ ನೀರು ಕುಡಿದು ನೋಡುತ್ತಿದ್ದರು. 'ಇಲ್ಲಿ ನಿನ್ನ ಬೇಳೆ ಬೇಯುವುದಿಲ್ಲ' ಎಂಬ ಮಾತನ್ನು ನೀವು ಜಗಳದಲ್ಲಿ ಕೇಳಿರುತ್ತೀರಿ. ನಮ್ಮ ಅವ್ವನಿಗೆ ಅದು ಬೈಗುಳವಲ್ಲ, ಬರಿಯ ಅಡುಗೆಮನೆಯ ಸಮಾಚಾರ.

ನಾನು ಪುಣೆಯಲ್ಲಿ ಲಾ ಓದಿ ಊರಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಕಾರುತ್ತ ಓಡಾಡುತ್ತಿದ್ದವು. ಚಿಕ್ಕರಸಿನಕೆರೆಯಿಂದ ಒಂದೂವರೆ ಮೈಲಿ ಒಳಗಿನ ನಮ್ಮ ಹಳ್ಳಿಗೆ ನಾನೇ ಮೊದಲ ವಕೀಲ. ಆದ್ದರಿಂದ ನಾನು ಎಲ್ಲಿ ಬೋರ್ಡು ಹಾಕಬೇಕೆಂಬುದನ್ನು ಊರಿಗೆ ಊರೇ ಅರಳಿಕಟ್ಟೆಯ ಮೇಲೆ ಚರ್ಚಿಸಿತು. ಬೆಂಗಳೂರು ಅಂದರು ಕೆಲವರು. ಹತ್ತಿರದ ಮದ್ದೂರು ಸಾಕು ಅಂದರು ಕೆಲವರು. ಮಳವಳ್ಳಿಯಲ್ಲಿ ಸೋದರಮಾವನಿದ್ದ. ಮಂಡ್ಯ ಆಗ ತಾನೇ ಜಿಲ್ಲೆಯಾಗಿತ್ತು. ಅವ್ವ ಎಲ್ಲವನ್ನೂ ಕೇಳಿಸಿಕೊಂಡು ಒಳಗೆ ಹೋದಳು. ಹಳೆಯ ಪಂಚೆಯೊಂದನ್ನು ನಾಲ್ಕು ತುಂಡು ಮಾಡಿ, ಒಂದೇ ಹೊಲದ ಬೇಳೆಯನ್ನು ಒಂದೊಂದು ಹಿಡಿ ಹಾಕಿ, ನಾಲ್ಕು ಗಂಟು ಕಟ್ಟಿ ತಂದು ನನ್ನ ಮುಂದಿಟ್ಟಳು.

"ನಾಕೂ ಊರ್ಗೂ ಓಗು ಮಗ. ಬೇಯ್ಸಿ ನೋಡು. ಬೇಳೆ ಬೇಯ್ದಿರೋ ಊರಲ್ಲಿ ಸಂಸಾರ ಮಾಡಾಕಾಗಾಕಿಲ್ಲ."

"ಅವ್ವ, ನಾನು ವಕೀಲಿ ಮಾಡಾಕೆ ಓಯ್ತಿರೋದು, ಓಟ್ಲು ಮಡಗಾಕಲ್ಲ."

"ವಕೀಲ್ರು ಉಣ್ಣಾಕಿಲ್ವೇನ್ಲಾ?"

ಪುಣೆಯ ಪುಸ್ತಕಗಳನ್ನು ಚೀಲದಿಂದ ತೆಗೆದಿಟ್ಟೆ. ಗಂಟುಗಳನ್ನು ಚೀಲಕ್ಕೆ ಹಾಕಿಕೊಂಡೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗಲೇ ಮಂಡ್ಯದಲ್ಲಿತ್ತು. ಕಾರಣ ಅಪ್ಪ. ನಾನಿನ್ನೂ ಚಿಕ್ಕವನಿದ್ದಾಗ ನಮ್ಮ ಹೊಲದ ಬದುವಿನ ವ್ಯಾಜ್ಯ ಮೈಸೂರಿನ ಕೋರ್ಟಿಗೆ ಹೋಗಿತ್ತು. ತೀರ್ಪಿನ ದಿನ ವಕೀಲರು ಎದ್ದು ಇಂಗ್ಲಿಷಿನಲ್ಲಿ ಏನೋ ಹೇಳಿದರಂತೆ, ಜಡ್ಜಿ ಇಂಗ್ಲಿಷಿನಲ್ಲಿ ಏನೋ ಹೇಳಿದರಂತೆ, ಅಷ್ಟರಲ್ಲಿ ಇನ್ನೊಬ್ಬರ ಹೆಸರು ಕೂಗಿಬಿಟ್ಟರಂತೆ. ವಕೀಲರ ಮುಖ ಸದಾ ಗಂಟಿಕ್ಕಿದ ಮುಖ. ಕೇಳಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಸೋತೆವು ಎಂದುಕೊಂಡು, ಬುತ್ತಿಯನ್ನು ಬಿಚ್ಚದೆ, ಮನೆಗೆ ಬಂದ. ಮೂರು ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಶಾನುಭೋಗರು ಕಾಗದ ಓದಿ, "ಅಯ್ಯೋ ಮಂಕೆ, ಗೆದ್ದಿದ್ದೀಯಲ್ಲೋ!" ಎಂದರು. ಊರು ಈ ಕತೆ ಹೇಳಿಕೊಂಡು ವರ್ಷಗಟ್ಟಲೆ ನಕ್ಕಿತು. ಅಪ್ಪ ನಗಲಿಲ್ಲ. "ಗೆದ್ದೂ ಗೆಲ್ಲದೋನಂಗೆ ಬಂದ್ನಲ್ಲ," ಎಂದು ಆಗಾಗ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ.

ಆ ಮಾತು ನನ್ನೊಳಗೆ ಮುಳ್ಳಾಗಿ ಉಳಿಯಿತು. ನಾನು ವಕೀಲನಾದರೆ, ನನ್ನ ಬಳಿ ಬಂದವನು ಗೆದ್ದನೋ ಸೋತನೋ ಎಂಬುದನ್ನು ಅವತ್ತೇ, ಅವನ ಮಾತಿನಲ್ಲೇ, ತಿಳಿದುಕೊಂಡು ಮನೆಗೆ ಹೋಗಬೇಕು ಎಂದು ಹಟ ತೊಟ್ಟಿದ್ದೆ. ಮಂಡ್ಯ ಜಿಲ್ಲೆಯಾದ ಮೇಲೆ ನಮ್ಮ ಕಡೆಯವರು ಕೋರ್ಟಿಗೆಂದು ಇನ್ನು ಮೈಸೂರು ಬಿಟ್ಟು ಮಂಡ್ಯದಲ್ಲೇ ಗಾಡಿ ಇಳಿಯುತ್ತಾರೆ. ಹಾಗಿದ್ದಮೇಲೆ ಬೇರೆ ಊರೇಕೆ? ಆದರೆ ಅವ್ವನ ಬೇಳೆಗೆ ಇದನ್ನೆಲ್ಲ ಹೇಳಲಾದೀತೆ?

ಮೊದಲ ಗಂಟು ಬೆಂಗಳೂರಿನಲ್ಲಿ ಬಿಚ್ಚಿದೆ. ಬಸವನಗುಡಿಯ ದೊಡ್ಡ ವಕೀಲರೊಬ್ಬರು ನನ್ನ ಸರ್ಟಿಫಿಕೇಟು ನೋಡಿ, "ನಾಳೆಯಿಂದಲೇ ಬನ್ನಿ," ಎಂದರು. ಬಹುವಚನ! ಜೀವನದಲ್ಲಿ ಮೊದಲ ಸಲ ಒಬ್ಬ ದೊಡ್ಡ ಮನುಷ್ಯ ನನ್ನನ್ನು ಬಹುವಚನದಲ್ಲಿ ಕರೆದಿದ್ದರು. ಎದೆ ಒಂದು ಕ್ಷಣ ಅಲ್ಲೇ ಉಳಿಯೋಣವೆಂದಿತು. ಗೆಳೆಯನ ಕೋಣೆಯಲ್ಲಿ ಬೇಳೆ ಇಟ್ಟರೆ, ಹಾಳಾದ್ದು, ಬೆಣ್ಣೆಯಂತೆ ಬೆಂದಿತು. ಎರಡನೆಯದು ಮದ್ದೂರಿನಲ್ಲಿ. ಹೋಟೆಲಿನ ಅಡುಗೆಯವರನ್ನು ಕಾಡಿ ಬೇಡಿ ಶಿಂಷಾ ಹೊಳೆಯ ನೀರಿನಲ್ಲಿ ಬೇಯಿಸಿದೆ, ಅಲ್ಲೂ ಬೆಂದಿತು. ಆದರೆ ಮದ್ದೂರು ಆಗ, ನನ್ನ ಕಣ್ಣಿಗೆ, ರೈಲು ನಿಂತಷ್ಟು ಹೊತ್ತು ಇಳಿದು ವಡೆ ತಿಂದು ಹತ್ತಿಕೊಳ್ಳುವ ಊರು. ಮದ್ದೂರಿನವರು ಕ್ಷಮಿಸಬೇಕು. ವಡೆ ಎರಡು ತಿಂದೆ, ಸುಳ್ಳು ಹೇಳುವುದಿಲ್ಲ.

ಮಳವಳ್ಳಿಯಲ್ಲಿ ನಾನು ಬೇಯಿಸುವ ಕೆಲಸವೇ ಬರಲಿಲ್ಲ. ಮಾವನ ಮಗಳು ಗಂಟನ್ನು ಕೈಯಿಂದ ಕಸಿದುಕೊಂಡು ಹೋಗಿ, ಸಾರು ಮಾಡಿಯೇ ತಂದಿಟ್ಟಳು. ಬೆಂದದ್ದು ನೀರಿನಿಂದಲೋ ಅವಳ ಕೈಗುಣದಿಂದಲೋ, ಇವತ್ತಿಗೂ ತೀರ್ಮಾನವಾಗಿಲ್ಲ. ಮಾವ ಬಾಯೊರೆಸಿಕೊಳ್ಳುತ್ತ, "ನಮ್ಮ ಜಗ್ಲೀಲೇ ಬೋಲ್ಡು ನೇತಾಕು. ಮನೆ ನಂದು, ಊಟ ನಂದು, ಆಮೇಕೆ ಎಲ್ಲಾ ನಿಂದೇ," ಎಂದ. ಒಳಗಿನಿಂದ ಬಳೆ ಸದ್ದಾಯಿತು. ಹುಡುಗಿ ಬೇಕಿತ್ತು, ಜಗಲಿ ಬೇಕಿರಲಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಜಾಣತನ ಆಗ ಇರಲಿಲ್ಲವಾಗಿ, ಬರೀ ತಲೆಯಾಡಿಸಿ ಎದ್ದು ಬಂದೆ.

ಉಳಿದದ್ದು ಮಂಡ್ಯ. ನನ್ನ ಸಹಪಾಠಿ ಪುಟ್ಟಸ್ವಾಮಿ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಅವನ ಕೋಣೆಯ ಹಿಂದಿನ ಬಾವಿಯಿಂದ ನೀರು ಸೇದಿ, ಇದ್ದಿಲ ಒಲೆಯ ಮೇಲೆ ಬೇಳೆ ಇಟ್ಟೆ. ಒಂದು ಗಂಟೆಯಾಯಿತು. ಎರಡಾಯಿತು. ಇದ್ದಿಲು ಮುಗಿಯಿತು. ಬೇಳೆ ನೀರಿನಲ್ಲಿ ಸ್ನಾನ ಮಾಡಿ ಎದ್ದಂತೆ ಹಳದಿಯಾಗಿ ಹೊಳೆಯುತ್ತಿತ್ತು, ಅಷ್ಟೆ.

"ಬುಡ್ಲಾ ಅತ್ತಗೆ," ಎಂದ ಪುಟ್ಟಸ್ವಾಮಿ. "ಈ ನೀರಲ್ಲಿ ಬೇಳೆ ಬೆಂದಿದ್ರೆ ನಾನ್ಯಾಕ್ಲಾ ಓಟ್ಲಲ್ ಉಣ್ತಿದ್ದೆ?"

ನನಗೆ ಅಳು ಬರುವುದೊಂದು ಬಾಕಿ. ಎದ್ದು ಕೋರ್ಟು ಕಚೇರಿಯ ಕಡೆ ಹೋದೆ. ಹೊಂಗೆಮರದ ಕೆಳಗೆ ಗಾಡಿ ಬಿಟ್ಟುಕೊಂಡು ಹಳ್ಳಿಯವರು ಕೂತಿದ್ದರು. ಕೆರಗೋಡಿನ ಕಡೆಯ ಮುದುಕನೊಬ್ಬ ನನ್ನ ಪ್ಯಾಂಟು ನೋಡಿ, ಎದ್ದು ಬಂದು, ಮಡಿಸಿ ಮಡಿಸಿ ಬೆವರಿನಲ್ಲಿ ನೆನೆದಿದ್ದ ಕಾಗದವೊಂದನ್ನು ಚಾಚಿದ. "ಇದ್ರಲ್ಲಿ ಏನು ಬರ್ದದೆ ಬುದ್ಧೀ? ಬೆಳಿಗ್ಗಿಂದ ಎಲ್ರನ್ನೂ ಕೇಳ್ತಿವ್ನಿ." ಓದಿದೆ. ಅವನ ಅರ್ಜಿ ಮಂಜೂರಾಗಿತ್ತು. ಆಗಿದೆ ತಾತ ಎಂದೆ. "ಆಗದೆಯಾ? ಆಗದೆಯಾ?" ಎಂದು ಎರಡು ಸಲ ಕೇಳಿ, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಟವಲಿನಿಂದ ಕಣ್ಣೊರೆಸಿಕೊಂಡ. ಹಿಂದೆಯೇ ಇನ್ನೊಬ್ಬ ಕಾಗದ ಹಿಡಿದು ಬಂದ, ಅವನ ಹಿಂದೆ ಮತ್ತೊಬ್ಬ. ಸಂಜೆಯ ತನಕ ಓದಿದೆ. ಊಟದ ನೆನಪೇ ಬರಲಿಲ್ಲ. ಏನಾದರಾಗಲಿ, ಸತ್ತರೂ ಬದುಕಿದರೂ ನಾನಿರುವುದು ಇಲ್ಲೇ ಎಂದು ಅವತ್ತು ನಿಶ್ಚಯ ಮಾಡಿದೆ.

ಊರಿಗೆ ಬಂದಾಗ ಅವ್ವ ಹಟ್ಟಿಯಲ್ಲಿ ರಾಗಿ ಕೇರುತ್ತಿದ್ದಳು. ಬೆಂಗಳೂರು, ಮದ್ದೂರು, ಮಳವಳ್ಳಿ ಮೂರಕ್ಕೂ ಸತ್ಯ ಹೇಳಿದೆ. "ಮಂಡ್ಯ?" ಎಂದಳು, ಮೊರದಿಂದ ತಲೆಯೆತ್ತದೆ.

"ಬೇಯ್ತು ಕಣವ್ವ. ಎಲ್ಲಾ ಕಡೆಗಿಂತ ಚೆನ್ನಾಗಿ ಬೇಯ್ತು."

"ಎಷ್ಟೊತ್ತಾಯ್ತು?"

"ಎರಡೇ ಕುದಿ."

"ಅರಳಿತ್ತಾ, ಒಡ್ದಿತ್ತಾ?"

"ಕರಗೇ ಓಗಿತ್ತು."

ವಕೀಲಿಯ ಸನ್ನದು ಕೈಗೆ ಬರುವ ಮೊದಲೇ ನಾನು ಹೇಳಿದ ಸುಳ್ಳುಸಾಕ್ಷಿ ಇದು. ಅದೂ ಹೆತ್ತವಳ ಮುಂದೆ. ಅವ್ವ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದಳು. "ಅಂಗಾರೆ ಮಂಡ್ಯನೇ ಆಗ್ಲಿ," ಎಂದು ಮತ್ತೆ ಕೇರತೊಡಗಿದಳು.

ನಾನು ಎಣಿಸದಿದ್ದದ್ದು ಒಂದೇ: ಮನೆ ಹೂಡಲು ಅವ್ವ ತಾನೇ ಬಂದುಬಿಟ್ಟಳು. ಹಿತ್ತಲಲ್ಲಿ ಬಾವಿ, ಬಾವಿಯಲ್ಲಿ ಅದೇ ನೀರು. ಮೊದಲ ದಿನ ಅವಳು ಒಲೆ ಹೊತ್ತಿಸುವಾಗ ನಾನು ಕೆಲಸದ ನೆಪ ಮಾಡಿ ಓಡಿಹೋದೆ. ಮಧ್ಯಾಹ್ನ ಕಳ್ಳನಂತೆ ಬಂದರೆ, ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಹದವಾಗಿ ಕರಗಿದ ಬೇಳೆಯ ಸಾರು. ಅವ್ವನ ಸೀರೆಯ ಸೆರಗು ಒದ್ದೆ, ಮೂಲೆಯಲ್ಲಿ ತಾಮ್ರದ ಬಿಂದಿಗೆ.

"ಆಚೆಗೆ ನಾಲೆ ಅರೀತಾ ಅದೆ," ಎಂದಳು. "ಕಾವೇರಮ್ಮ ಇಲ್ಲಿಗಂಟ ಬಂದವ್ಳೆ. ಬಾವಿ ನೀರ್ ಯಾವೋನ್ ಬೇಯಿಸ್ತಾನೆ?"

ಅಷ್ಟೆ. ದಿನಾ ಬೆಳಿಗ್ಗೆ ಮುಕ್ಕಾಲು ಮೈಲಿ ನಡೆದು ಎರಡು ಬಿಂದಿಗೆ ತರುತ್ತಿದ್ದಳು, ನಾನು ಹೊರಲು ಹೋದರೆ, "ಕೋಲ್ಟ್‌ಗೋಗೋನು ಬಿಂದ್ಗೆ ಒತ್ರೆ ಯಾರ್ಲಾ ಕೇಸ್ ಕೊಟ್ಟಾರು?" ಎಂದು ಗದರುತ್ತಿದ್ದಳು. ನಾಲೆ ನೀರು ಕೊಟ್ಟ ಹಾಗೆಯೇ ಸೊಳ್ಳೆಯನ್ನೂ ಕೊಟ್ಟಿತ್ತು. ಆಗಿನ ಮಂಡ್ಯದಲ್ಲಿ ಚಳಿಜ್ವರ ಬಾರದ ಮನೆ ಇರಲಿಲ್ಲ. ಅವ್ವ ಸಂತೆಯಿಂದ ತೆಳುಬಟ್ಟೆ ತಂದು ನನಗೊಂದು ಸೊಳ್ಳೆಪರದೆ ಹೊಲಿದಳು. ತನಗೆ ಹೊಲಿದುಕೊಳ್ಳಲಿಲ್ಲ.

ನನ್ನ ಮೊದಲ ಕೇಸು ಸೋತಿತು. ಅಂದುಕೊಂಡಿದ್ದಂತೆ ಹೊರಗೆ ಓಡಿಬಂದು, "ಸೋತ್ವಿ ಕಣಪ್ಪ," ಎಂದು ಕಕ್ಷಿಗಾರನಿಗೆ ಅಲ್ಲೇ ಹೇಳಿದೆ. ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಓಗ್ಲಿ ಬುಡಿ. ಇವತ್ತೇ ಯೋಳುದ್ರಲ್ಲ," ಎಂದ. ಒಳ್ಳೆಯ ಮನುಷ್ಯ. ಆದರೆ ಆ ತಿಂಗಳು ಮತ್ತೊಂದು ಕೇಸು ಬರಲಿಲ್ಲ, ಜ್ವರ ಮಾತ್ರ ಬಂತು. ಕಂಬಳಿ ಹೊದ್ದು ನಡುಗುತ್ತ ಮಲಗಿದ್ದಾಗ ಬಸವನಗುಡಿಯ ಬಹುವಚನ ನೆನಪಾಗಿ, ಎಲ್ಲವನ್ನೂ ಹೇಳಿಬಿಟ್ಟೆ. "ಅವ್ವ, ಇಲ್ಲಿ ಬೇಳೆ ಬೇಯ್ನಿಲ್ಲ. ನಿಂಗೆ ಸುಳ್ಳೇಳ್ದೆ. ನನ್ನಿಂದ ನೀನು ನೀರು ಒರಂಗಾಯ್ತು. ಬೆಂಗ್ಳೂರಿಗೇ ಓಗ್ಬೇಕಾಗಿತ್ತು."

ಅವ್ವ ನನ್ನ ಹಣೆಯ ಬಟ್ಟೆ ಬದಲಾಯಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಂಗೊತ್ತಿಲ್ವೇನ್ಲಾ? ಮಂಡ್ಯದ ಬಾವಿ ನೀರು ಉಪ್ಪು ಅಂತ ದನ ಕಾಯೋರ್ಗೂ ಗೊತ್ತು. ಬೆಲ್ಲ ಕದ್ದಾಗ್ಲೂ ನಿಜ ಯೋಳ್ದೋನು ನೀನು. ಒಂದಿಡಿ ಬೇಳೆಗೆ ಸುಳ್ಳೇಳ್ದೆ. ಅವತ್ತೇ ಅಂದ್ಕಂಡೆ, ಇವ್ನ್ ಮನ್ಸು ಅಲ್ಲೇ ಅದೆ ಅಂತ. ನೀರ ಎಲ್ಲಿಂದಾದ್ರೂ ಒತ್ಕಬರ್ಬೋದು ಮಗ, ಮನ್ಸ ಒತ್ಕಬರಾಕಾಯ್ತದಾ? ಸುಮ್ಕೆ ಮನೀಕೊ."

ನಾನು ಗೋಡೆಯ ಕಡೆ ತಿರುಗಿ ಅತ್ತೆ. ಜ್ವರ ಇಳಿದ ಮೇಲೆ ಹೊಂಗೆಮರದ ಕೆಳಗೆ ಹೋಗಿ ಕೂತೆ, ಕಾಗದ ಓದಿದೆ, ಮತ್ತೆ ಊರು ಬಿಡುವ ಮಾತೆತ್ತಲಿಲ್ಲ. ಸ್ವಾತಂತ್ರ್ಯ ಬರುವ ಹೊತ್ತಿಗೆ ನಾನು ಪೂರ್ತಿ ಮಂಡ್ಯದವನಾಗಿದ್ದೆ. ಮಳವಳ್ಳಿಯ ಜಗಲಿಯನ್ನು ಅಲ್ಲೇ ಬಿಟ್ಟು, ಸಾರು ಮಾಡಿದವಳನ್ನು ಮಾತ್ರ ಕರೆದುಕೊಂಡು ಬಂದಿದ್ದೆ. ಈಗ ಒಳಗೆ ಕುಕ್ಕರು ಕೂಗಿಸುತ್ತಿರುವವಳು ಅವಳೇ.

"ಏನಪ್ಪ, ಸುಮ್ಮನಾಗ್ಬಿಟ್ರಿ?" ಎಂದಳು ಮಗಳು. "ನಿಜವಾಗ್ಲೂ ಹೇಳ್ತಿದೀನಿ. ನೀರು ಚೆನ್ನಾಗಿದೆ, ಮನೆ ಚೆನ್ನಾಗಿದೆ." ಮೊಣಕೈ ಮುಗಿದು ಈಗ ಕುತ್ತಿಗೆಯನ್ನು ಕೆರೆದುಕೊಳ್ಳುತ್ತಿದ್ದಳು. ಅವಳ ಮುಖವನ್ನು ಆಗ ಸರಿಯಾಗಿ ನೋಡಿದೆ. ಪರೀಕ್ಷೆಯಲ್ಲಿ ಕಡಿಮೆ ನಂಬರು ಬಂದರೂ ಬಾಗಿಲಲ್ಲೇ ಕೂಗಿ ಹೇಳುತ್ತಿದ್ದ ಹುಡುಗಿ ಇವಳು.

ಎರಡು ವಾರದಿಂದ ಜೋಡಿಸಿಟ್ಟಿದ್ದ ವಾದವನ್ನೆಲ್ಲ ಕೈಬಿಟ್ಟು ಎದ್ದೆ. ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ತಳದಲ್ಲಿ ಮಡಿಸಿಟ್ಟಿದ್ದ, ಅವ್ವ ಹೊಲಿದ ಸೊಳ್ಳೆಪರದೆ, ಹಳದಿಗಟ್ಟಿದ್ದರೂ ಒಂದು ಹೊಲಿಗೆ ಬಿಟ್ಟಿರಲಿಲ್ಲ. ತಂದು ಅವಳ ಚೀಲದ ಮೇಲಿಟ್ಟೆ.

ಅವಳು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಸೊಳ್ಳೇನೇ ಇಲ್ಲ ಅಂದ್ನಲ್ಲಪ್ಪ."

"ನೀನ್ ಅಂದೆ ಕಣವ್ವ, ಕೇಳಿಸ್ಕೊಂಡೆ," ಎಂದೆ. "ಇಟ್ಕೊ."