ಪಟ್ಟಿಯಲ್ಲಿಲ್ಲದ ಕಲ್ಲುಗಳು

ನನ್ನ ಕೊನೆಯ ತಮ್ಮನನ್ನು ಮನೆ ಮಕ್ಕಳೆಲ್ಲ ಕಲ್ಲುಮಾವ ಎನ್ನುತ್ತಾರೆ. ಮನುಷ್ಯನೇನೋ ಬೆಣ್ಣೆ, ಇರುವೆ ಸಾಲು ಕಂಡರೂ ಸುತ್ತಿ ಬಳಸಿ ಹೋಗುವವನು. ಹೆಸರು ಬಂದದ್ದು ಕೆಲಸದಿಂದ. ನಮ್ಮ ಸೀಮೆಯ ನೆಲದಡಿ ಬಿಸಿ ಇದೆ, ಅದರಿಂದ ಕರೆಂಟು ತೆಗೆಯಬಹುದು ಎಂದು ಸರಕಾರ ಒಂದು ಕಂಪನಿ ಮಾಡಿತ್ತು. ಯಂತ್ರ ನೆಲ ಕೊರೆದಾಗ ಸೌತೆಕಾಯಿ ದಪ್ಪದ ಕಲ್ಲಿನ ಕೋಲುಗಳು ಮೇಲೆ ಬರುತ್ತವೆ. ಅವನ್ನು ಆಳದ ಕ್ರಮದಲ್ಲಿ ಮರದ ಡಬ್ಬಗಳಲ್ಲಿ ಜೋಡಿಸಿ, ಅಂಚಿನ ಮೇಲೆ ಆಳ ಬರೆದು ಕಾಯುವುದು ಇವನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ. ಒಂದು ತುಂಡು ಹಿಂದುಮುಂದಾದರೆ ಊಟ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲೂ ಹಾಗೇ. ಅಕ್ಕ ಎಷ್ಟು ಹೊತ್ತಿಗೆ ಮನೆಗೆ ಬಂದಳು ಎಂದು ಅಪ್ಪ ಕೇಳಿದರೆ, ಏಳಕ್ಕೆ ನಾಲ್ಕು ನಿಮಿಷ ಇತ್ತು ಎನ್ನುವ ಜಾತಿ. ಅದರಿಂದ ನಾನು ತಿಂದ ಏಟಿನದು ಬೇರೆ ಕಥೆ.

ಕರೆಂಟು ಬರಲಿಲ್ಲ, ಕಂಪನಿ ಮುಚ್ಚುವ ಆದೇಶ ಬಂತು. ಮುಚ್ಚಿಸಲು ಬಂದ ಅಧಿಕಾರಿ ಕುರ್ಚಿ, ಫ್ಯಾನು, ಬೀರುಗಳಿಗೆಲ್ಲ ಚೀಟಿ ಅಂಟಿಸಿದ. ಕಲ್ಲಿಗೆ ಅಂಟಿಸಲಿಲ್ಲ, ಅವು ಆಸ್ತಿಪಟ್ಟಿಯಲ್ಲೇ ಇರಲಿಲ್ಲ. ಡಬ್ಬಗಳು ಪಟ್ಟಿಯಲ್ಲಿದ್ದವು, ಬಡಗಿ ಮಾಡಿಕೊಟ್ಟದ್ದಕ್ಕೆ ಬಿಲ್ಲಿತ್ತು. ಭೂಮಿ ಕೊಟ್ಟದ್ದಕ್ಕೆ ಬಿಲ್ಲೆಲ್ಲಿಂದ ಬರಬೇಕು?

ಕಾಲೇಜಿನ ಮೇಷ್ಟ್ರೊಬ್ಬರು ಕಲ್ಲುಗಳಿಗೆ ಶೆಡ್ ಕೊಡಲು ಒಪ್ಪಿದ್ದರು. ಕೊನೆಯ ದಿನ ಸಂಜೆ ಐದಕ್ಕೆ ಕಟ್ಟಡದ ಕೀಲಿ ಬೇರೆ ಇಲಾಖೆಗೆ ಹೋಗುವುದಿತ್ತು. ಉಳಿದದ್ದೆಲ್ಲ ಮರುದಿನ ಹಳ್ಳಕ್ಕೆ. ಡಬ್ಬಗಳು ನನ್ನ ಅಳಿಯನ ಲಾರಿಗೇರಿದ್ದವು, ಗೇಟ್ ಪಾಸ್ ಮಾತ್ರ ಸಿಕ್ಕಿರಲಿಲ್ಲ. ತಮ್ಮ ಬೆಳಗಿನಿಂದ ಉಂಡಿರಲಿಲ್ಲವೆಂದು ಊಟದ ಡಬ್ಬಿ ಹಿಡಿದು ಲಾರಿಯಲ್ಲೇ ಬಂದಿದ್ದ ನಾನು ನೆಟ್ಟಗೆ ಆಫೀಸಿನೊಳಗೆ ಹೋದೆ.

"ಪಟ್ಟಿಲಿರೋದು ಡಬ್ಬ. 'ಖಾಲಿ ಡಬ್ಬ' ಅಂತ ಬರೀರಿ, ಸಹಿ ಹಾಕ್ತೀನಿ," ಎನ್ನುತ್ತಿದ್ದ ಅಧಿಕಾರಿ.

"ಖಾಲಿ ಇಲ್ವಲ್ಲ ಸಾರ್," ಎಂದ ತಮ್ಮ.

"ಕಲ್ಲು ಅಂತ ಬರೆದ್ರೆ ಮೇಲಿನೋರ ಒಪ್ಪಿಗೆ ಬೇಕು. ಮೇಲೆ ಈಗ ಯಾರಿದಾರೆ? ಇಲ್ಲಾ ಡಬ್ಬ ಬಿಟ್ಟು ಬರೀ ಕಲ್ಲು ಒಯ್ದುಬಿಡಿ, ಅದಕ್ಕೆ ಪಾಸೇ ಬೇಡ."

"ಆಳ ಬರೆದಿರೋದು ಡಬ್ಬದ ಮೇಲೆ ಸಾರ್. ಹೊರಗೆ ಸುರಿದ್ರೆ ಬರೀ ಜಲ್ಲಿ. ನಾಳೆ ಯಾರಾದ್ರೂ ಈ ಕೆಲಸ ಎತ್ತಿಕೊಂಡ್ರೆ ಅದೇ ತೂತು ಮತ್ತೆ ಕೊರೀಬೇಕು."

ಗೋಡೆ ಗಡಿಯಾರದಲ್ಲಿ ನಾಲ್ಕೂ ನಲವತ್ತು. ನಾನು ಅವನ ಮೊಣಕೈ ತಿವಿದೆ. "ಬರೆದು ಸಾಯೋ. ಒಂದು ಪದ ತಾನೆ."

"ಇಲ್ಲದ್ದನ್ನ ಇವತ್ತಿನವರೆಗೂ ಬರೆದಿಲ್ಲ ಅಕ್ಕ."

"ಒಳ್ಳೆ ಹೆಸರೇ ಇಟ್ಟಿದಾರೆ ನಿಂಗೆ ಮಕ್ಕಳು."

ಅವನು ಆಸ್ತಿಪಟ್ಟಿ ಕೇಳಿ ತೆಗೆದುಕೊಂಡ. ಬೆರಳು ಒದ್ದೆ ಮಾಡಿ ಮಾಡಿ ಒಂದೊಂದೇ ಹಾಳೆ ತಿರುಗಿಸಿದ, ಕೊನೆಯವರೆಗೂ. ಐದಕ್ಕೆ ಏಳು ನಿಮಿಷವಿದ್ದಾಗ ಪೆನ್ನು ಎತ್ತಿ ಬರೆದ: 'ಮರದ ಡಬ್ಬಗಳು. ಒಳಗೆ ಕಂಪನಿಯ ಪಟ್ಟಿಗೆ ಸೇರಿದ ವಸ್ತು ಯಾವುದೂ ಇಲ್ಲ.'

ಅಧಿಕಾರಿ ಎರಡು ಸಲ ಓದಿದ. "ಇದು ಸುಳ್ಳಲ್ಲ ತಾನೆ?"

"ಪಟ್ಟಿ ನಿಮ್ಮ ಮುಂದೇ ಇದೆ ಸಾರ್."

ಸಹಿ ಬಿತ್ತು.

ಗೇಟಿನಲ್ಲಿ ಕಾವಲುಗಾರ ಪಾಸು ಓದಿ, ಬಗ್ಗಿ ಟೈರು ನೋಡಿದ. "ಒಳಗೇನೂ ಇಲ್ಲ ಅಂತ ಚೀಟಿ ಹೇಳ್ತದೆ ಅಣ್ಣ. ಟೈರ್ ಬೇರೆ ಹೇಳ್ತಿದೆಯಲ್ಲ?"

"ಪೂರ್ತಿ ಓದಪ್ಪ," ಎಂದ ತಮ್ಮ.

ಅವನು ತುಟಿ ಆಡಿಸುತ್ತ ಮತ್ತೆ ಓದಿದ. "ಹನ್ನೊಂದು ವರ್ಷ ಗುತ್ತಿಗೆ ಮೇಲೆ ದುಡಿದೆ, ನಾನೂ ಪಟ್ಟಿಲಿಲ್ಲ. ನನ್ನೂ ಒಂದು ಡಬ್ಬದಲ್ಲಿ ಹಾಕ್ಕೊಂಡು ಹೋಗಿ," ಎಂದು ಅಡ್ಡಕೋಲು ಎತ್ತಿದ.

ತಮ್ಮ ಲಾರಿ ಹತ್ತಲಿಲ್ಲ. ಮುಂದೆ ಮುಂದೆ ನಡೆಯುತ್ತ, ಗುಂಡಿ ಬಂದಲ್ಲೆಲ್ಲ ಹಿಂದಿರುಗಿ ಕೈ ಅಡ್ಡ ಹಿಡಿಯುತ್ತಿದ್ದ.

"ಅತ್ತೆ, ಹಿಂಗೇ ಹೋದ್ರೆ ಕಾಲೇಜು ಮುಟ್ಟೋದು ಯಾವಾಗ?" ಎಂದ ಅಳಿಯ.

"ನೀನು ಗುಂಡಿ ನೋಡಿ ಓಡಿಸಪ್ಪ," ಎಂದೆ, ತೊಡೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು.