ಕೊಬ್ಬರಿ ಲಾರಿಯಲ್ಲಿ ಐದನೇ ಕ್ಲಾಸು

ಆಗೆಲ್ಲ ತಿಪಟೂರಿನ ಕೊಬ್ಬರಿ ದಿಲ್ಲಿ ಮುಟ್ಟಬೇಕಾದರೆ ಲಾರಿಗೆ ಒಂದು ವಾರ ಹಿಡಿಯುತ್ತಿತ್ತು. ನಮ್ಮಪ್ಪನ ಲಾರಿಗೆ ಇನ್ನೂ ಒಂದು ದಿನ ಜಾಸ್ತಿ. ಅದರಲ್ಲಿ ನಮ್ಮವ್ವ, ಅವಳ ಸೀಮೆಎಣ್ಣೆ ಸ್ಟವ್ವು, ರಾಗಿಹಿಟ್ಟಿನ ಮೂಟೆ ಎಲ್ಲ ಇರುತ್ತಿದ್ದವು.

ಅಪ್ಪನಿಗೆ ಹೊಟ್ಟೆಹುಣ್ಣು. ಡಾಬಾದ ಖಾರ ತಿಂದರೆ ಸ್ಟೇರಿಂಗ್ ಮೇಲೇ ಮುದುಡಿಕೊಳ್ಳುತ್ತಿದ್ದ. ಮನೆ ಊಟವೇ ಆಗಬೇಕು ಎಂದರು ಡಾಕ್ಟರು.

"ಹಂಗಾದ್ರೆ ಮನೇನೇ ಲಾರಿ ಹತ್ತಲಿ ಬುಡು," ಎಂದಳು ಅವ್ವ.

ಹಾಗೆ ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ದೀಪಾವಳಿ ಮುಗಿದದ್ದೇ ಬಿಳಿಗೆರೆ ಪಕ್ಕದ ನಮ್ಮ ಮನೆಗೆ ಬೀಗ ಬಿತ್ತು. ಅಪ್ಪ, ಅವ್ವ, ನಾನು, ಇನ್ನೂ ಶಾಲೆಗೆ ಸೇರದ ತಮ್ಮ, ನಾಲ್ವರೂ ಹೊರಟೆವು. ಹೆಡ್‌ಮೇಷ್ಟ್ರು ಮಾತ್ರ ಬಿಗಿಯಾಗಿಯೇ ಹೇಳಿದ್ದರು: "ವಾಪಸ್ ಬಂದ ಮೇಲೆ ನಾನೇ ಪರೀಕ್ಷೆ ಮಾಡ್ತೀನಿ. ಉತ್ತರ ಬರ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಐದರಲ್ಲೇ ಕೂರ್ಬೇಕು."

"ನಾನು ಓದುಸ್ತೀನಿ ಸಾ," ಎಂದುಬಿಟ್ಟಳು ಅವ್ವ. ಅವಳು ಓದಿದ್ದು ನಾಲ್ಕನೇ ಕ್ಲಾಸು!

ಕ್ಯಾಬಿನ್ನೇ ಶಾಲೆಯಾಯಿತು. ಡೀಸೆಲ್ಲು, ಕೊಬ್ಬರಿಯ ಜಿಡ್ಡು, ಸುಟ್ಟ ಮೆಣಸಿನಕಾಯಿ ಎಲ್ಲ ಬೆರೆತ ಆ ವಾಸನೆ ನನ್ನ ಪುಸ್ತಕಕ್ಕೂ ಹತ್ತಿಕೊಂಡಿತ್ತು. ಬೆಳಿಗ್ಗೆ ನಾನು ಕಣ್ಣುಬಿಡುವಾಗ ಅವ್ವ ಸ್ಟವ್ವಿನ ಮುಂದೆ ಕೂತು, ಎಸರು ಕುದಿಯುವ ತನಕ ನನ್ನ ಪುಸ್ತಕದ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಅಂದಿನ ಪಾಠ ತಾನು ಮೊದಲು ಕಲಿತು, ಆಮೇಲೆ ಹುಟ್ಟಾ ಪಂಡಿತೆಯ ಹಾಗೆ ನನಗೆ ಹೇಳುವುದು ಅವಳ ಗುಟ್ಟು. ನನಗದು ಗೊತ್ತಿತ್ತು, ಹೇಳಲಿಲ್ಲ. ಮುದ್ದೆ ಕಟ್ಟುವುದನ್ನು ನೋಡಲು ಡಾಬಾದವರೆಲ್ಲ ಬಂದು ನಿಂತರೆ, "ಅಗಿಯಂಗಿಲ್ಲ, ನುಂಗ್ಬೇಕು ಕಣ್ರಪ್ಪ," ಎಂದು ಅವರಿಗೂ ಕನ್ನಡದಲ್ಲೇ ಪಾಠ ಮಾಡುತ್ತಿದ್ದಳು.

ಸೇತುವೆ ಬಂದರೆ ಅಪ್ಪ ಲಾರಿ ನಿಧಾನ ಮಾಡಬೇಕು. ನಾನು ನದಿಯ ಹೆಸರು ಹೇಳಿದರೆ ಅವ್ವ ಒಂದು ಚೂರು ಕೊಬ್ಬರಿ ನೀರಿಗೆ ಎಸೆದು, ಇನ್ನೊಂದು ಚೂರು ನನ್ನ ಬಾಯಿಗೆ ಹಾಕುತ್ತಿದ್ದಳು. ಹೇಳದಿದ್ದರೆ ಹೊಳೆಗೂ ಇಲ್ಲ, ನನಗೂ ಇಲ್ಲ. ತುಂಗಭದ್ರೆ, ಕೃಷ್ಣೆ, ಭೀಮೆ, ಗೋದಾವರಿ, ತಾಪಿ, ನರ್ಮದೆ, ಚಂಬಲ್, ಯಮುನೆ. ಪ್ರತಿ ಟ್ರಿಪ್ಪಿಗೂ ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ.

ತಿಪಟೂರಿನಲ್ಲಿ ಲೋಡು ತುಂಬಿಸಿಕೊಂಡು ಹಾಗೇ ಮತ್ತೆ ಹೊರಡುತ್ತ ನಾಲ್ಕೈದು ಟ್ರಿಪ್ಪು ಮುಗಿಸಿ, ಶಿವರಾತ್ರಿ ಕಳೆದು ಊರಿಗೆ ಬಂದೆವು. ಹೆಡ್‌ಮೇಷ್ಟ್ರು ಕರೆಸಿ, ನದಿಗಳನ್ನು ಹೇಳು ಎಂದರು. ಒಂದೇ ಉಸಿರಿಗೆ ಒಪ್ಪಿಸಿದೆ.

"ಗಂಗೆ ಯಾಕೆ ಬಿಟ್ಟೆ?"

"ಗಂಗೆ ನಮ್ಮ ದಾರೀಲಿ ಬರಲ್ಲ ಸಾರ್."

ಮೇಷ್ಟ್ರು ಹುಬ್ಬು ಗಂಟಿಕ್ಕಿದರು. "ಗಂಗೆ ಗೊತ್ತಿಲ್ಲದೋಳಿಗೆ ಆರನೇ ಕ್ಲಾಸಾ?" ನನಗೆ ಅಳುವೇ ಬಂತು.

ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಬಂದಳು. "ತಪ್ಪು ಮಗೀದಲ್ಲ ಸಾ, ನಂದು. ಹೊಳೆ ಬಂದಾಗ ಕೇಳಿದ್ರೆ ಸಾಕು ಅಂದ್ಕಂಡಿದ್ದೆ. ಗಂಗೆ ಪಾಠ ನಾನು ಓದಿವ್ನಿ, ಅವಳಿಗೆ ಹೇಳ್ಕೊಡ್ಲಿಲ್ಲ."

ಮೇಷ್ಟ್ರು ಒಂದು ಬಾಯಿಲೆಕ್ಕ ಕೊಟ್ಟರು. ಗಂಟೆಗೆ ನಲವತ್ತು ಕಿಲೋಮೀಟರ್ ಹೋಗುವ ಲಾರಿ ಇನ್ನೂರು ಕಿಲೋಮೀಟರಿಗೆ ಎಷ್ಟು ಹೊತ್ತು ತಗೊಳ್ಳುತ್ತೆ?

"ಐದು ಗಂಟೆ ಸಾರ್. ಪಂಚರ್ ಆಗದಿದ್ರೆ."

ಅವರಿಗೆ ನಗು ತಡೆಯಲಾಗಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಪಾಸು ಎಂದು ಬರೆದರು. ನಾನು ಓಡುವುದರಲ್ಲಿದ್ದೆ, ಅವ್ವ ಕದಲಲಿಲ್ಲ.

"ಸಾ, ನಂಗೂ ಒಂದು ಪ್ರಶ್ನೆ ಕೇಳಿ. ಪುಸ್ತಕ ಪೂರ್ತಿ ಓದಿವ್ನಿ."

"ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಪರೀಕ್ಷೆ? ಹೋಗಿ ಮಗೂಗೆ ಪಾಯಸ ಮಾಡಿ ಹಾಕಿ," ಎಂದು ಮೇಷ್ಟ್ರು ಇನ್ನೂ ಜೋರಾಗಿ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಪ್ಪನ ಹುಣ್ಣು ವಾಸಿಯಾಯಿತು, ಅವ್ವ ಮತ್ತೆ ಲಾರಿ ಹತ್ತಲಿಲ್ಲ. ಕೊಬ್ಬರಿ ವಾಸನೆಯ ಆ ಪುಸ್ತಕ ಪಕ್ಕದ ಮನೆಯ ಹುಡುಗಿಗೆ ಹೋಯಿತು. ಈಗ ಆ ದಾರಿಯಲ್ಲಿ ಹೋದರೆ ಯಾವ ಹೊಳೆ ಯಾವಾಗ ದಾಟಿತೋ ತಿಳಿಯುವುದೇ ಇಲ್ಲ. ನಾನು ಟೀಚರಾಗಿ, ಲೆಕ್ಕವಿಲ್ಲದಷ್ಟು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿ, ರಿಟೈರೂ ಆದೆ. ಅವ್ವ ಇದ್ದಷ್ಟು ದಿನ ಸಂಜೆ ಹೊತ್ತು ಜಗಲಿಯಲ್ಲಿ ಅವಳ ಪಕ್ಕದಲ್ಲೇ ಕೂರುತ್ತಿದ್ದೆ. ಒಂದು ಚೂರು ಕೊಬ್ಬರಿ ಕೈಲಿ ಹಿಡಿದು, "ಅವ್ವಾ, ಗಂಗೆ ಎಲ್ಲಿ ಹುಟ್ತಾಳೆ ಹೇಳು," ಅಂತ ನಾನಾದರೂ ಒಂದು ಸಲ ಕೇಳಬಹುದಿತ್ತು.