ಫ್ರಿಜ್ಜಿನ ಮುಂದಿನ ಮಣೆ

ನನ್ನ ಅತ್ತೆಯನ್ನು ನಾನು ಮಣೆಯಿಂದ ಎರಡು ಸಲ ಹೊಡೆದಿದ್ದೇನೆ. ಹೊನ್ನಾಳಿಯ ನಮ್ಮ ಬೀದಿಗೆ ಗೊತ್ತಿರುವುದು ಒಂದೇ ಏಟು. ಆ ಒಂದು ಏಟಿಗಾಗಿ ಜನ ನನ್ನನ್ನು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಎರಡನೆಯದು ಎಲ್ಲಿ ಹೊರಗೆ ಬೀಳುತ್ತದೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ.

ನಮ್ಮ ಫ್ರಿಜ್ಜು ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಅದನ್ನು ತಂದ ದಿನ ಅಡುಗೆಮನೆಯ ಹಳೇ ಸಾಕೆಟ್ಟಿಗೆ ಮೂರು ಪಿನ್ನು ಕೂರಲಿಲ್ಲವೆಂದು ನನ್ನ ಗಂಡ ಮೇಲಿನ ದಪ್ಪ ಪಿನ್ನನ್ನು ಗರಗಸದಲ್ಲಿ ಕೊಯ್ದು ಹಾಕಿದ್ದರು. ಅದು ಅರ್ಥಿಂಗಿನದು, ಕೊಯ್ಯಬಾರದು ಎಂದು ನಾನು ಹೇಳಿದ್ದಕ್ಕೆ, ಎರಡರಲ್ಲೇ ನೀರು ತಣ್ಣಗಾಗುತ್ತಿದೆಯಲ್ಲ, ಮೂರನೆಯದು ಯಾವ ಸೌಭಾಗ್ಯಕ್ಕೆ ಎಂದರು. ಕೆಲವು ವರ್ಷಕ್ಕೆ ಜುಮ್ ಶುರುವಾಯಿತು. ಅದಕ್ಕೆ ಅತ್ತೆ ಮದ್ದು ಕಂಡುಹಿಡಿದರು. ಊಟಕ್ಕೆ ಕೂರುವ ಹಲಸಿನ ಮಣೆಯೊಂದನ್ನು ತಂದು ಫ್ರಿಜ್ಜಿನ ಮುಂದೆ ಹಾಕಿದರು. ಅದರ ಮೇಲೆ ನಿಂತು ಬಾಗಿಲು ತೆಗೆದರೆ ಏನೂ ಆಗುತ್ತಿರಲಿಲ್ಲ. ಬಂದ ನೆಂಟರಿಗೂ ಮೊದಲು ಮಣೆ ತೋರಿಸಿ, ಆಮೇಲೆ ನೀರಿನ ಬಾಟಲಿ ತೋರಿಸುತ್ತಿದ್ದೆವು. ನಾಚಿಕೆಗೆಟ್ಟ ಮನೆ ನಮ್ಮದು.

ರಿಪೇರಿಯವನನ್ನು ಕರೆಸಿ ಎಂದು ನಾನು ವರ್ಷವಿಡೀ ಜಗಳ ಕಾದೆ. ನನ್ನ ತವರು ಜಗಳೂರು. ಅಲ್ಲಿಯ ಬಿಸಿಲು ತಡೆದುಕೊಂಡವಳಿಗೆ ಇಷ್ಟು ಕರೆಂಟು ಯಾವ ಲೆಕ್ಕ ಎಂದು ಅತ್ತೆ ನಗುತ್ತಿದ್ದರು. ಗಂಡನಿಗೂ ಅದೇ ನಗು.

ಒಂದು ಮಧ್ಯಾಹ್ನ ನನ್ನ ನಾಲ್ಕು ವರ್ಷದ ಮಗಳು ಮಣೆ ಮರೆತು ಬರಿಗಾಲಲ್ಲಿ ಫ್ರಿಜ್ಜಿನ ಹಿಡಿ ಹಿಡಿದಳು. ಚೀರಿಕೊಂಡು ಹಿಂದಕ್ಕೆ ಬಿದ್ದಳು. ತಲೆ ನೆಲಕ್ಕೆ ಬಡಿದ ಸದ್ದು ಹಿತ್ತಿಲಲ್ಲಿದ್ದ ನನಗೆ ಕೇಳಿತು. ಓಡಿ ಬಂದರೆ, ಅತ್ತೆ ಅವಳನ್ನು ಎಬ್ಬಿಸಿ ನಿಲ್ಲಿಸಿ ಕೆನ್ನೆಗೆ ಬಾರಿಸುತ್ತಿದ್ದರು, ಮಣೆ ಮೇಲೆ ನಿಲ್ಲಲಿಲ್ಲವೆಂದು. ಮಗುವಿನ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ನಾನು ಮಗುವನ್ನು ಎತ್ತಿಕೊಂಡು ಹೋದೆ. ಆ ಸಿಟ್ಟನ್ನು ನುಂಗಿಕೊಂಡೆ, ಆದರೆ ಅರಗಿಸಿಕೊಳ್ಳಲು ಆಗಲಿಲ್ಲ.

ಅದಾಗಿ ಎರಡು ವಾರಕ್ಕೆ ಆಯುಧಪೂಜೆ ಬಂತು. ಗಂಡ ಅಂಗಳದಲ್ಲಿ ಬೈಕು ತೊಳೆಯುತ್ತಿದ್ದರು, ಮಗಳು ಅವರ ಜೊತೆಗಿದ್ದಳು. ಒಳಗೆ ಅತ್ತೆ ಮಿಕ್ಸಿಗೆ, ಟಿವಿಗೆ ವಿಭೂತಿ ಬಳಿದು ಮುಗಿಸಿದ್ದರು. ಆಯುಧ ಇಡಲು ಚೊಕ್ಕ ಮಣೆ ಬೇಕೆಂದು ಫ್ರಿಜ್ಜಿನ ಮುಂದಿನದನ್ನೇ ಎತ್ತಿ, ಒರೆಸಿ, ಅಡುಗೆಮನೆಯ ಮೂಲೆಯ ದೇವರ ಗೂಡಿನ ಕೆಳಗಿಟ್ಟು, ಅದರ ಮೇಲೆ ಕುಡುಗೋಲು, ಕತ್ತರಿ, ಸುತ್ತಿಗೆ ಜೋಡಿಸಿದ್ದರು. ಆಮೇಲೆ ಮಡಿಯ ಒದ್ದೆ ಸೀರೆಯಲ್ಲೇ ಫ್ರಿಜ್ಜು ತೊಳೆಯಲು ಹೋದರು. ಪ್ಲಗ್ಗು ಹಾಕಿಯೇ ಇತ್ತು. ನಾನು ಅಲ್ಲೇ ಕೂತು ಹೂ ಕಟ್ಟುತ್ತಿದ್ದೆ. ಪ್ಲಗ್ಗು ತೆಗೆಯಿರಿ ಎಂದು ನಾನು ಬಾಯಿ ಬಿಡುವಷ್ಟರಲ್ಲಿ ಅವರು ಒಂದು ಚೊಂಬು ನೀರನ್ನು ಬಾಗಿಲಿಗೆ ಸುರಿದು ಹಿಡಿ ಹಿಡಿದಿದ್ದರು.

ಅವರು ಕೂಗಲಿಲ್ಲ. ಗಂಟಲಿನಿಂದ ಗೊರಗೊರ ಎನ್ನುವ ಸದ್ದು ಬಂತು. ಕೈ ಹಿಡಿಗೆ ಕಚ್ಚಿಕೊಂಡಿತ್ತು, ಮೈಯೆಲ್ಲ ಅದುರುತ್ತಿತ್ತು, ಕಣ್ಣು ಮೇಲಕ್ಕೆ ಹೋಗಿದ್ದವು. ಸ್ವಿಚ್ಚು ಇದ್ದದ್ದು ಫ್ರಿಜ್ಜಿನ ಬೆನ್ನ ಹಿಂದೆ. ಮೇನ್ ಸ್ವಿಚ್ಚು ಹೊರಗೆ ಜಗಲಿಯಲ್ಲಿ. ಅವರನ್ನು ಮುಟ್ಟಿದರೆ ನಾನೂ ಅಂಟಿಕೊಳ್ಳುತ್ತೇನೆಂದು ಗೊತ್ತಿತ್ತು. ದೇವರ ಮುಂದಿನ ಮಣೆಯನ್ನು ಎಳೆದೆ. ಕುಡುಗೋಲು ಸುತ್ತಿಗೆ ಎಲ್ಲ ದಡಬಡ ನೆಲಕ್ಕೆ ಬಿದ್ದವು. ನೀರು ಹರಿಯದ ಕಡೆ ಕಾಲೂರಿ, ಎರಡೂ ಕೈಯಿಂದ ಮಣೆ ಬೀಸಿ ಅವರ ಮಣಿಕಟ್ಟಿಗೆ ಹೊಡೆದೆ. ಲಟ್ಟೆಂದು ಎಲುಬು ಮುರಿಯಿತು. ಕೈ ಬಿಟ್ಟಿತು.

ಅತ್ತೆ ಫ್ರಿಜ್ಜಿನಿಂದ ದೂರಕ್ಕೆ ಬೋರಲು ಬಿದ್ದರು. ಬೆನ್ನು ಏರಿಳಿಯುತ್ತಿತ್ತು. ಅಯ್ಯೋ ಎಂದು ನರಳಿದರು. ಬದುಕಿದ್ದಾರೆಂದು ನನಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೆಯೇ ನಾನು ಮಣೆಯನ್ನು ಇನ್ನೊಂದು ಸಲ ಎತ್ತಿ ಅವರ ಬೆನ್ನಿಗೆ ಬಾರಿಸಿದೆ. ಅದು ನನ್ನ ಮಗಳ ಕೆನ್ನೆಗಾಗಿ ಹೊಡೆದ ಏಟು. ಹೊಡೆದಾಗ ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಸದ್ದಿಗೆ ಗಂಡ ಒಳಗೆ ಓಡಿ ಬಂದರು. ನೆಲದ ಮೇಲೆ ತಾಯಿ, ನನ್ನ ಕೈಯಲ್ಲಿ ಮಣೆ. ಕೇಳಲಿಲ್ಲ, ವಿಚಾರಿಸಲಿಲ್ಲ, ನನ್ನ ಕಪಾಳಕ್ಕೆ ಬಿಟ್ಟರು. ಬಾಯಲ್ಲಿ ರಕ್ತ ಬಂತು. ಮತ್ತೆ ಕೈ ಎತ್ತಿದಾಗ ನೆಲದಿಂದಲೇ ಅತ್ತೆ ಮಾತಾಡಿದರು.

"ಹೊಡಿಬ್ಯಾಡ. ಕರೆಂಟು ಹಿಡ್ಕಂಡಿತ್ತು. ಅವಳು ಹೊಡೆದಿದ್ದಕ್ಕೇ ನನ್ನ ಜೀವ ಉಳಿದೈತೆ."

ಆಸ್ಪತ್ರೆಯಲ್ಲಿ ಪಟ್ಟಿ ಹಾಕುವಾಗಲೂ ಅವರು ಅದನ್ನೇ ಹೇಳಿದರು. ನೋಡಲು ಬಂದ ಬೀದಿಯ ಹೆಂಗಸರಿಗೂ ಅದನ್ನೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಅವರೆಲ್ಲ ನಕ್ಕು, ನನ್ನ ಧೈರ್ಯ ಮೆಚ್ಚಿ, ಕಾಫಿ ಕುಡಿದು ಹೋದರು. ಎಲೆಕ್ಟ್ರಿಷಿಯನ್ ಬಂದು ಹೊಸ ಸಾಕೆಟ್ಟು ಹಾಕಿದ, ಹಿತ್ತಿಲಲ್ಲಿ ಗುಂಡಿ ತೋಡಿ ಅರ್ಥಿಂಗ್ ಇಳಿಸಿದ, ಕರೆಂಟು ಸೋರಿದರೆ ತಾನೇ ಕೆಳಗೆ ಬೀಳುವ ಸ್ವಿಚ್ಚನ್ನೂ ಕೂರಿಸಿದ. ಪಿನ್ನು ಕೊಯ್ದ ಕೈ ಯಾವುದು ಎಂದು ಅವನು ಕೇಳಿದಾಗ ನನ್ನ ಗಂಡ ಬೈಕಿನ ಕಡೆ ನೋಡುತ್ತಾ ನಿಂತರು. ಎಲ್ಲ ಸೇರಿ ಅರ್ಧ ದಿನದ ಕೆಲಸ.

ಕೈಗೆ ಪಟ್ಟಿ ಇದ್ದುದರಿಂದ ಅತ್ತೆಗೆ ಸ್ನಾನ ಮಾಡಿಸುವುದು ನನ್ನ ಪಾಲಿಗೆ ಬಂತು. ಮೊದಲ ಬೆಳಿಗ್ಗೆ ಬಚ್ಚಲಲ್ಲಿ ಅವರ ರವಿಕೆ ಬಿಚ್ಚಿದೆ. ಬೆನ್ನಿಗೆ ಅಡ್ಡಲಾಗಿ, ಮಣೆಯ ಅಂಚಿನಷ್ಟೇ ಅಗಲದ ಕಪ್ಪು ಬಾಸುಂಡೆ ಎದ್ದಿತ್ತು. ನನ್ನ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಅತ್ತೆ ತಿರುಗಿ ನೋಡಲಿಲ್ಲ.

"ಕೈಯಿಂದನ್ನ ಎಲ್ಲರಿಗೂ ತೋರ್ಸೀನಿ," ಅಂದರು. "ಬೆನ್ನಿಂದನ್ನ ಡಾಕ್ಟ್ರಿಗೂ ತೋರ್ಸಿಲ್ಲ."

ಬೇಕಂತಲೇ ಹೊಡೆದೆ ಅತ್ತೆ, ಅಂದೆ.

"ಗೊತ್ತೈತೆ. ಕೂಸಿಗೆ ನಾನು ಹೊಡೆದದ್ದೂ ಬೇಕಂತಲೇ," ಅಂದರು. "ನೀರು ಹಾಕು, ಆರಿ ಹೋಗ್ತೈತೆ."